ಗೂಡಿಗೆ ಹಾವು ಬಂದರೆ, ಪಾರಿವಾಳವನ್ನು ಗಿಡುಗ ಹಿಡಿದರೆ: ಪದೇ ಪದೇ ಕೇಳುವ ಪ್ರಶ್ನೆಗಳು

ಬೇಸಿಗೆ ಹತ್ತಿರ ಬಂತೆಂದರೆ ನಮ್ಮ ಮನೆಗಳ ಸುತ್ತ ಹಕ್ಕಿಗಳು ಗೂಡು ಕಟ್ಟಲು ಶುರು ಮಾಡುತ್ತವೆ. ದಾಸವಾಳದ ಗಿಡದಲ್ಲಿ ಬುಲ್‌ಬುಲ್, ಬಾಲ್ಕನಿಯ ತಂತಿಗೆ ನೇತುಬಿದ್ದಂತೆ ಸೂರಕ್ಕಿ, ಬೀದಿಯ ಮರದ ತುದಿಯಲ್ಲಿ ಕಾಗೆ. ಗೂಡಿನ ಹಿಂದೆಯೇ ಗೂಡು ಹುಡುಕುವವರೂ ಬರುತ್ತಾರೆ. ಹಾವು, ಕೆಂಬೂತ, ಗಿಡುಗ, ಅಳಿಲು, ಬೆಕ್ಕು. ಆಗ ಬರುವ ಪ್ರಶ್ನೆಗಳು ಹೆಚ್ಚು ಕಡಿಮೆ ಒಂದೇ ಥರ ಇರುತ್ತವೆ. ಉತ್ತರ ಮಾತ್ರ ಯಾರು ಬೇಟೆಗಾರ, ಅದು ಅಲ್ಲಿಗೆ ಹೇಗೆ ಬಂತು ಎನ್ನುವುದರ ಮೇಲೆ ಬದಲಾಗುತ್ತದೆ. ಈಗಲೇ ಅವಸರದಲ್ಲಿ ಇರುವವರ ಪ್ರಶ್ನೆಯನ್ನು ಮೊದಲು ಇಟ್ಟಿದ್ದೇನೆ.

ಹಾವು ಈಗಷ್ಟೇ ಗೂಡಿನ ಹತ್ತಿರ ಬಂದಿದೆ. ಏನು ಮಾಡಲಿ?

ಕೈಯಲ್ಲಿ ಕೋಲಿದ್ದರೆ ಕೆಳಗಿಡಿ. ಮಕ್ಕಳನ್ನೂ ನಾಯಿಯನ್ನೂ ಒಳಗೆ ಕರೆದುಕೊಳ್ಳಿ. ದೂರ ನಿಂತು ನೋಡಿ. ನೋಡಲು ಆಗದಿದ್ದರೆ ನೀವೂ ಒಳಗೆ ಹೋಗಿ.

ಮನೆ ಹತ್ತಿರದ ಗೂಡುಗಳಿಗೆ ಬರುವುದು ಹೆಚ್ಚಾಗಿ ಕೇರೆಹಾವು. ಅದಕ್ಕೆ ವಿಷವಿಲ್ಲ, ಮರ ಹತ್ತುವುದರಲ್ಲಿ ಜಾಣ, ಉಳಿದ ದಿನಗಳಲ್ಲಿ ನಿಮ್ಮ ಮನೆಯ ಇಲಿಗಳನ್ನು ತಿಂದುಕೊಂಡು ಇರುತ್ತದೆ. ಆದರೆ ಹಾವು ಗುರುತಿಸುವ ಅಭ್ಯಾಸ ಇಲ್ಲದವರು ಅದನ್ನು ಕೇರೆ ಎಂದುಕೊಂಡು ಹತ್ತಿರ ಹೋಗಬಾರದು. ನಾಗರಹಾವೂ ಮೊಟ್ಟೆ, ಮರಿ ತಿನ್ನುತ್ತದೆ. ಕಪ್ಪಗಿರುವ ಕೇರೆಯನ್ನು ನಾಗರ ಎಂದೂ, ನಾಗರವನ್ನು ಕೇರೆ ಎಂದೂ ತಪ್ಪು ತಿಳಿಯುವವರು ಬಹಳ ಜನ.

ಹಾವು ಮನೆಯೊಳಗೆ ಅಥವಾ ಓಡಾಡುವ ಜಾಗಕ್ಕೆ ಬಂದಿದ್ದರೆ ಅದು ಬೇರೆ ವಿಷಯ. ಅದು ನಿಮ್ಮ ಸುರಕ್ಷತೆಯ ಪ್ರಶ್ನೆ. ಹಾವು ಹಿಡಿಯಲು ಬಲ್ಲವರನ್ನು ಕರೆಸಿ. ಗೂಡಿನ ಕಾರಣಕ್ಕೆ ಮಾತ್ರ ಕರೆಸಬೇಡಿ.

ತಾಯಿ ಹಕ್ಕಿ ಹಾಗೆ ಕೂಗಿಕೊಳ್ಳುತ್ತಿದೆಯಲ್ಲ, ಸುಮ್ನೆ ನೋಡುತ್ತಾ ನಿಲ್ಲುವುದು ಕ್ರೂರ ಅಲ್ವಾ?

ಈ ಪ್ರಶ್ನೆ ಕೇಳದವರಿಲ್ಲ. ಕೇಳಬೇಕಾದದ್ದೇ.

ಮೊದಲು ಆ ಕೂಗಿನ ಬಗ್ಗೆ. ಅದು ಗೋಳಾಟ ಎಂದು ನಮಗೆ ಅನಿಸುತ್ತದೆ. ಅದರಲ್ಲಿ ಗಾಬರಿ ಖಂಡಿತ ಇದೆ, ಆದರೆ ಅದು ದಾಳಿಯೂ ಹೌದು. ಬುಲ್‌ಬುಲ್ ಕೂಗಿದರೆ ಅಕ್ಕಪಕ್ಕದ ಟುವ್ವಿ, ಹರಟೆಮಲ್ಲ, ಮೈನಾ, ಅಳಿಲು ಎಲ್ಲ ಬಂದು ಸೇರಿಕೊಳ್ಳುತ್ತವೆ. ಸುತ್ತ ಹಾರಿ, ಗದ್ದಲ ಮಾಡಿ, ಕೆಲವೊಮ್ಮೆ ಕುಕ್ಕಿ, ಹಾವಿಗೆ ಅಲ್ಲಿ ಇರುವುದೇ ಬೇಡ ಅನಿಸುವಂತೆ ಮಾಡುತ್ತವೆ. ಹಲವು ಸಲ ಗೆಲ್ಲುತ್ತವೆ ಕೂಡ. ಆ ಹೊತ್ತಿಗೆ ನೀವು ಓಡಿಬಂದರೆ ಮೊದಲು ಹಾರಿಹೋಗುವುದು ಈ ಹಕ್ಕಿಗಳೇ. ಹಾವಿಗೆ ಆಗ ಗೂಡಿನ ಹತ್ತಿರ ಎದುರಾಳಿಯೇ ಇರುವುದಿಲ್ಲ.

ಇನ್ನು ನೀವು ಹಾವನ್ನು ಓಡಿಸಿದಿರಿ ಎಂದೇ ಇಟ್ಟುಕೊಳ್ಳಿ. ಗೂಡು ಎಲ್ಲಿದೆ ಎಂದು ಅದಕ್ಕೆ ಗೊತ್ತಾಗಿದೆ. ಸಂಜೆಯೋ ಮರುದಿನವೋ ಮತ್ತೆ ಬರಬಹುದು. ಆಗ ನೀವು ಆಫೀಸಿನಲ್ಲಿ ಇರುತ್ತೀರಿ.

ಲೆಕ್ಕವನ್ನೂ ಸ್ವಲ್ಪ ನೋಡಿ. ಬುಲ್‌ಬುಲ್ ಒಂದು ಸಲಕ್ಕೆ ಎರಡು ಮೂರು ಮೊಟ್ಟೆ ಇಡುತ್ತದೆ. ಮೊಟ್ಟೆ ಒಡೆಯಲು ಎರಡು ವಾರದ ಹತ್ತಿರ, ಮರಿ ಗೂಡು ಬಿಡಲು ಇನ್ನೊಂದು ಹನ್ನೆರಡು ದಿನ. ಗೂಡು ಹಾಳಾದರೆ ಜೋಡಿ ಬೇಗನೆ ಇನ್ನೊಂದು ಗೂಡು ಕಟ್ಟುತ್ತದೆ. ಒಂದೇ ವರ್ಷದಲ್ಲಿ ಒಂದಕ್ಕಿಂತ ಜಾಸ್ತಿ ಸಂಸಾರ ಮಾಡುತ್ತದೆ. ಇಟ್ಟ ಮೊಟ್ಟೆಯೆಲ್ಲ ಹಕ್ಕಿಯಾಗಿ ಬದುಕಿದ್ದರೆ ಕೆಲವೇ ವರ್ಷಗಳಲ್ಲಿ ನಿಮ್ಮ ಬೀದಿಯಲ್ಲಿ ಬುಲ್‌ಬುಲ್ ಬಿಟ್ಟು ಬೇರೇನೂ ಇರುತ್ತಿರಲಿಲ್ಲ. ಒಂದು ಜೋಡಿ ತನ್ನ ಇಡೀ ಆಯುಷ್ಯದಲ್ಲಿ ಎರಡು ಮರಿಗಳನ್ನು ದೊಡ್ಡ ಹಕ್ಕಿಯಾಗಿಸಿದರೆ ಅವುಗಳ ಸಂಖ್ಯೆ ಹಾಗೇ ಉಳಿಯುತ್ತದೆ. ಮಿಕ್ಕವು ಯಾರದೋ ಊಟ. ಇಷ್ಟೊಂದು ಮೊಟ್ಟೆ ಇಡುವ ಅಭ್ಯಾಸವೇ ಈ ನಷ್ಟವನ್ನು ಸೇರಿಸಿಕೊಂಡು ಬಂದದ್ದು.

ಹಾವಿಗೆ ಬೇರೆ ದಾರಿಯಿಲ್ಲ ಎನ್ನುವುದೂ ಇದೆ. ಅದು ಸೊಪ್ಪು ತಿಂದು ಬದುಕಲಾರದು. ಈ ಮರಿಯನ್ನು ತಪ್ಪಿಸಿದರೆ ಇನ್ನೊಂದು ಗೂಡಿಗೆ ಹೋಗುತ್ತದೆ. ಆ ಗೂಡು ನಿಮಗೆ ಕಾಣುವುದಿಲ್ಲ ಅಷ್ಟೇ. ನೋಡಿ ಸಂಕಟಪಡುವುದು ತಪ್ಪಲ್ಲ. ಸಂಕಟವಾಯಿತು ಎಂದು ಕೈಹಾಕಲೇಬೇಕು ಅಂತೇನೂ ಇಲ್ಲ.

ಮರಿ ಈಗಾಗಲೇ ಹಾವಿನ ಬಾಯಲ್ಲಿದೆ. ಎಳೆದು ತೆಗೆದರೆ ಬದುಕುತ್ತದಾ?

ಇಲ್ಲ. ಉಸಿರುಗಟ್ಟಿರುತ್ತದೆ, ಮೈ ನುಜ್ಜಾಗಿರುತ್ತದೆ. ಹಸಿರುಹಾವಾಗಿದ್ದರೆ ವಿಷವೂ ಹೋಗಿರುತ್ತದೆ. ಮನುಷ್ಯರಿಗೆ ಅದು ಅಷ್ಟೇನೂ ಅಪಾಯವಲ್ಲದಿದ್ದರೂ ಪುಟ್ಟ ಹಕ್ಕಿಗೆ ಸಾಕಾಗುತ್ತದೆ. ಗಾಬರಿಯಾದ ಹಾವು ನುಂಗಿದ್ದನ್ನು ಕಕ್ಕಿ ಓಡುತ್ತದೆ. ಆಗ ಮರಿಯೂ ಸತ್ತಿತು, ಹಾವೂ ಉಪವಾಸ.

ತಾರಸಿಯ ಮೇಲೆ ಗಿಡುಗವೊಂದು ಪಾರಿವಾಳವನ್ನು ಒತ್ತಿಹಿಡಿದಿದೆ. ಪಾರಿವಾಳ ಇನ್ನೂ ರೆಕ್ಕೆ ಬಡಿಯುತ್ತಿದೆ. ಬಿಡಿಸಲೇ?

ಬೆಂಗಳೂರು, ಮೈಸೂರು, ಹುಬ್ಬಳ್ಳಿಯಂಥ ಊರುಗಳಲ್ಲಿ ಹೀಗೆ ಕಾಣುವುದು ಸಾಮಾನ್ಯವಾಗಿ ಶಿಕ್ರಾ. ಪಾರಿವಾಳಕ್ಕಿಂತ ಸ್ವಲ್ಪ ಸಣ್ಣದೇ ಇರಬಹುದು, ಬೂದು ಬೆನ್ನು, ಎದೆಯ ಮೇಲೆ ತೆಳು ಕಂದು ಗೆರೆಗಳು, ಕೆಂಪು ಇಲ್ಲವೇ ಹಳದಿ ಕಣ್ಣು.

ಬಿಡಿಸಬೇಡಿ. ಕಾರಣ ನೋಡಲು ಚೆನ್ನಾಗಿಲ್ಲ, ಆದರೂ ಹೇಳಬೇಕು. ಗಿಡುಗದ ಆಯುಧ ಕೊಕ್ಕಲ್ಲ, ಉಗುರು. ಒತ್ತಿ ಹಿಡಿದ ಹೊತ್ತಿಗೆ ಉಗುರುಗಳು ಮೈಯೊಳಗೆ ಇಳಿದಿರುತ್ತವೆ. ಹಕ್ಕಿಯ ಮೈಯಲ್ಲಿ ಶ್ವಾಸಕೋಶದ ಜೊತೆಗೆ ಗಾಳಿಚೀಲಗಳೂ ಇರುತ್ತವೆ. ಅವು ಹರಿದರೆ ಗಾಳಿ ಚರ್ಮದ ಕೆಳಗೆ ತುಂಬಿಕೊಳ್ಳುತ್ತದೆ. ಹೊರಗಿನಿಂದ ನೋಡಿದರೆ ನಾಲ್ಕು ಪುಕ್ಕ ಉದುರಿದಂತೆ ಕಾಣುತ್ತದೆ, ಒಳಗೆ ರಕ್ತ ಸುರಿಯುತ್ತಿರುತ್ತದೆ. ನೀವು ಚಪ್ಪಾಳೆ ತಟ್ಟಿದರೆ ಗಿಡುಗ ಹಾರಿಹೋಗುತ್ತದೆ. ಪಾರಿವಾಳ ಯಾವುದೋ ಸಂದಿಯಲ್ಲಿ ಸೇರಿಕೊಂಡು ಗಂಟೆಗಟ್ಟಲೆ ನರಳಿ ಸಾಯುತ್ತದೆ. ಗಿಡುಗ ಇನ್ನೊಂದು ಪಾರಿವಾಳವನ್ನು ಹಿಡಿಯಲೇಬೇಕು. ಒಂದು ಸಾವನ್ನು ತಪ್ಪಿಸಲು ಹೋಗಿ ಎರಡಾಯಿತು.

ಗಿಡುಗಕ್ಕೆ ಈ ಊಟ ಸುಲಭವಾಗಿ ಸಿಕ್ಕಿದ್ದೂ ಅಲ್ಲ. ಬೇಟೆ ಹಕ್ಕಿಗಳ ಪ್ರಯತ್ನಗಳಲ್ಲಿ ಹೆಚ್ಚಿನವು ತಪ್ಪುತ್ತವೆ. ಎಳೆಯ ಗಿಡುಗಗಳಲ್ಲಿ ಬಹಳಷ್ಟು ಮೊದಲ ವರ್ಷ ದಾಟುವುದೇ ಇಲ್ಲ, ಹಸಿವಿನಿಂದಲೇ ಸಾಯುತ್ತವೆ. ನಮಗೆ ಪಾರಿವಾಳದ ಸಾವು ಕಣ್ಣೆದುರು ಕಾಣುತ್ತದೆ. ಗಿಡುಗದ ಸಾವನ್ನು ಯಾರೂ ನೋಡುವುದಿಲ್ಲ.

ಹತ್ತಿರ ಹೋಗಿ ಮೊಬೈಲಿನಲ್ಲಿ ವಿಡಿಯೋ ಮಾಡುವುದೂ ಬೇಡ. ಅದು ಕೂಡ ಬಿಡಿಸಿದಂತೆಯೇ. ಗಿಡುಗ ಬೆದರಿ ಅರ್ಧಕ್ಕೇ ಬಿಟ್ಟುಹೋಗುತ್ತದೆ.

ಬೆಕ್ಕು ಹಿಡಿದಿದ್ದರೆ?

ಬಿಡಿಸಿ. ತಕ್ಷಣ.

ಬೆಕ್ಕೂ ಪ್ರಾಣಿಯೇ, ಅದರ ಹಸಿವೂ ಹಸಿವೇ ಎಂದು ವಾದ ಮಾಡುವವರು ಇದ್ದಾರೆ. ಆದರೆ ಸಾಕಿದ ಬೆಕ್ಕಿಗೆ ನೀವು ಬೆಳಗ್ಗೆ ಹಾಲು ಮೀನು ಹಾಕಿರುತ್ತೀರಿ. ಹೊಟ್ಟೆ ತುಂಬಿದ್ದರೂ ಬೆಕ್ಕು ಬೇಟೆಯಾಡುತ್ತದೆ. ಕಾಡಿನ ಬೇಟೆಗಾರನ ಸಂಖ್ಯೆಯನ್ನು ಅಲ್ಲಿ ಸಿಗುವ ಆಹಾರವೇ ಹಿಡಿತದಲ್ಲಿ ಇಡುತ್ತದೆ. ಹಕ್ಕಿ ಕಡಿಮೆಯಾದರೆ ಗಿಡುಗವೂ ಕಡಿಮೆಯಾಗುತ್ತದೆ. ಬೆಕ್ಕಿಗೆ ಆ ಕಟ್ಟು ಇಲ್ಲ, ಅದರ ಊಟ ನಮ್ಮ ಅಡುಗೆಮನೆಯಿಂದ ಬರುತ್ತದೆ. ನ್ಯೂಜಿಲೆಂಡಿನ ಸ್ಟೀಫನ್ಸ್ ದ್ವೀಪದಲ್ಲಿ ಲಯಲ್ಸ್ ರೆನ್ ಎಂಬ ಪುಟ್ಟ ಹಕ್ಕಿ ಇತ್ತು. 1890ರ ದಶಕದಲ್ಲಿ ಅಲ್ಲಿ ದೀಪಸ್ತಂಭ ಕಟ್ಟಿದರು, ಜನರ ಜೊತೆ ಬೆಕ್ಕುಗಳೂ ಬಂದವು. ಕೆಲವೇ ವರ್ಷಗಳಲ್ಲಿ ಆ ಹಕ್ಕಿಯ ವಂಶವೇ ಮುಗಿಯಿತು.

ಬಿಡಿಸಿದ ಮೇಲೆ ಮುಖ್ಯವಾದ ಒಂದು ಮಾತು. ಗಾಯ ಕಾಣಲಿಲ್ಲ ಎಂದು ಹಾರಿಬಿಡಬೇಡಿ. ಬೆಕ್ಕಿನ ಬಾಯಲ್ಲಿ ಪಾಶ್ಚುರೆಲ್ಲಾ ಎಂಬ ಬ್ಯಾಕ್ಟೀರಿಯಾ ಇರುತ್ತದೆ. ಸೂಜಿ ಚುಚ್ಚಿದಷ್ಟು ಸಣ್ಣ ಗಾಯವಾದರೂ ಅದು ರಕ್ತಕ್ಕೆ ಸೇರಿ ಒಂದೆರಡು ದಿನದಲ್ಲಿ ಹಕ್ಕಿ ಸಾಯುತ್ತದೆ. ಬೆಕ್ಕಿನ ಹಲ್ಲು ತಾಗಿದ ಹಕ್ಕಿಗೆ ಆದಷ್ಟು ಬೇಗ ಆಂಟಿಬಯಾಟಿಕ್ ಬೇಕು. ಅದನ್ನು ಪಶುವೈದ್ಯರು ತೂಕ ನೋಡಿ ಕೊಡಬೇಕು. ಮನೆಯ ಮಾತ್ರೆ ಪುಡಿ ಮಾಡಿ ಕೊಡಬಾರದು.

ನಾಯಿಗೂ ಇದೇ ಉತ್ತರ.

ಕಾಗೆಗಳು? ಅವು ಈ ನೆಲದವೇ ತಾನೇ?

ಹೌದು. ಇಲ್ಲಿ ಉತ್ತರ ಅಷ್ಟು ಸಲೀಸಾಗಿಲ್ಲ.

ಕಾಗೆ ನಮ್ಮದೇ ಹಕ್ಕಿ. ಗೂಡು ದೋಚುವುದು ಅದಕ್ಕೆ ಸಹಜ. ಕೆಂಬೂತ, ಮಟಪಕ್ಷಿ ಕೂಡ ಅದನ್ನೇ ಮಾಡುತ್ತವೆ, ಆದರೆ ನೋಡುವವರಿಗೆ ಅವುಗಳ ಮೇಲೆ ಕಾಗೆಯ ಮೇಲಿನಷ್ಟು ಸಿಟ್ಟು ಇರುವುದಿಲ್ಲ. ಕಾಗೆ ಸೂರಕ್ಕಿಯ ಗೂಡು ಹರಿಯುವುದನ್ನು ಕಂಡರೆ ತತ್ವವಾಗಿ ನಾನು ಹೇಳಬೇಕಾದದ್ದು, ಬಿಟ್ಟುಬಿಡಿ ಎಂದೇ.

ತೊಡಕು ಎಲ್ಲಿದೆ ಎಂದರೆ, ನಗರದಲ್ಲಿ ಇಷ್ಟೊಂದು ಕಾಗೆಗಳು ಇರುವುದು ನಮ್ಮಿಂದ. ಬೀದಿ ತುದಿಯ ಕಸದ ರಾಶಿ, ಮಾಂಸದಂಗಡಿಯ ಹಿಂದಿನ ಚೂರುಪಾರು, ತಾರಸಿಯ ಮೇಲೆ ಎಸೆದ ಅನ್ನ. ಇವೆಲ್ಲ ಕಾಗೆಯ ಸಂಖ್ಯೆಯನ್ನು ಕಾಡಿನಲ್ಲಿ ಎಂದೂ ಮುಟ್ಟದ ಮಟ್ಟಕ್ಕೆ ಏರಿಸಿವೆ. ಹಾಗಾಗಿ ಒಂದು ಗೂಡಿನಿಂದ ಕಾಗೆಯನ್ನು ಓಡಿಸುವುದಕ್ಕಿಂತ ನಿಮ್ಮ ಬೀದಿಯ ಕಸ ಬೇಗ ಎತ್ತುವಂತೆ ಮಾಡುವುದು ನೂರು ಗೂಡುಗಳಿಗೆ ಉಪಕಾರ. ಕೈ ತಟ್ಟಿ ಕಾಗೆಯನ್ನು ಓಡಿಸಿದವರನ್ನು ನಾನು ಬೈಯುವುದಿಲ್ಲ. ಪ್ರಯೋಜನ ಕಡಿಮೆ ಎಂದಷ್ಟೇ ಹೇಳುತ್ತೇನೆ. ಕಾಗೆಗೆ ನೆನಪಿನ ಶಕ್ತಿ ಜಾಸ್ತಿ, ನೀವು ಒಳಹೋಗುವುದನ್ನು ಕಾಯುತ್ತದೆ.

ಇದೇ ಕಾಗೆ ಪೂರ್ವ ಆಫ್ರಿಕಾದಲ್ಲಿ ಹೊರಗಿನಿಂದ ಬಂದ ಪೀಡೆ. 1890ರ ದಶಕದಲ್ಲಿ ಜಂಜಿಬಾರ್‌ಗೆ ತಂದದ್ದು ಆಮೇಲೆ ಕರಾವಳಿಯುದ್ದಕ್ಕೂ ಹರಡಿತು. ಅಲ್ಲಿನ ಸಣ್ಣ ಹಕ್ಕಿಗಳಿಗೆ ಅದರಿಂದ ತಪ್ಪಿಸಿಕೊಳ್ಳುವ ಅಭ್ಯಾಸವೇ ಇರಲಿಲ್ಲ. 2024ರಲ್ಲಿ ಕೀನ್ಯಾ ಸರ್ಕಾರ 10 ಲಕ್ಷ ಕಾಗೆಗಳನ್ನು ಕೊಲ್ಲುವ ಯೋಜನೆ ಪ್ರಕಟಿಸಿತು. ಅದೇ ಹಕ್ಕಿ, ಅದೇ ಕಳ್ಳತನ, ಊರು ಬೇರೆ. ಯಾವುದು ಸಹಜ ಬೇಟೆಗಾರ ಎನ್ನುವುದನ್ನು ಪ್ರಾಣಿಯ ಹೆಸರು ನೋಡಿ ಹೇಳಲಾಗುವುದಿಲ್ಲ.

ಗೂಬೆಯೊಂದನ್ನು ಹತ್ತಿಪ್ಪತ್ತು ಕಾಗೆಗಳು ಸುತ್ತುವರಿದಿವೆ. ಕೊಂದೇ ಬಿಡುತ್ತವೇನೋ.

ಇದು ಬೇಟೆಯಲ್ಲ, ಜಗಳ. ಹಗಲಲ್ಲಿ ಹೊರಬಿದ್ದ ಗೂಬೆಯನ್ನು ಕಂಡರೆ ಕಾಗೆಗಳಿಗೆ ಆಗುವುದಿಲ್ಲ. ಹಳೆ ಕಟ್ಟಡ ಕೆಡವಿದಾಗ, ಮರ ಕಡಿದಾಗ ಒಳಗಿದ್ದ ಬಿಳಿ ಮುಖದ ಗೂಬೆ ಹೊರಗೆ ಬಂದು ಹೀಗೆ ಸಿಕ್ಕಿಹಾಕಿಕೊಳ್ಳುತ್ತದೆ.

ಗೂಬೆ ಎತ್ತರದ ಕೊಂಬೆಯ ಮೇಲೋ ಗೋಡೆಯ ಸಂದಿಯಲ್ಲೋ ಕೂತಿದ್ದರೆ ಬಿಟ್ಟುಬಿಡಿ. ಕತ್ತಲಾದರೆ ಕಾಗೆಗಳು ಹೋಗುತ್ತವೆ, ಗೂಬೆಯೂ ಹೊರಡುತ್ತದೆ. ನೆಲಕ್ಕೆ ಬಿದ್ದಿದ್ದರೆ, ರೆಕ್ಕೆ ಜೋತುಬಿದ್ದಿದ್ದರೆ, ಎತ್ತಿಕೊಳ್ಳಿ. ದಪ್ಪ ಟವಲ್ ಮೇಲೆ ಹಾಕಿ ಹಿಡಿಯಿರಿ. ಕಾಲಿನ ಉಗುರಿನ ಬಗ್ಗೆ ಎಚ್ಚರ. ಅಪಶಕುನ ಎಂದು ಅಕ್ಕಪಕ್ಕದವರು ಕಲ್ಲು ಹೊಡೆಯಲು ಬಂದರೆ, ಈ ಗೂಬೆಗಳು ಹಿಡಿಯುವುದು ಮುಖ್ಯವಾಗಿ ಇಲಿಯನ್ನು ಎಂದು ಹೇಳಿ ನೋಡಿ. ಶಕುನ ಬಿಡದವರೂ ಇಲಿಯ ಮಾತಿಗೆ ಸ್ವಲ್ಪ ತಣ್ಣಗಾಗುತ್ತಾರೆ.

ಗಾಳಿಪಟದ ಮಾಂಜಾದಲ್ಲಿ ಸಿಕ್ಕಿಕೊಂಡ ಹದ್ದನ್ನು ಕಾಗೆಗಳು ಕುಕ್ಕುತ್ತಿದ್ದರೆ ಯೋಚನೆ ಮಾಡುವುದೇ ಬೇಡ. ಅಲ್ಲಿ ಹದ್ದನ್ನು ಬೀಳಿಸಿದ್ದು ಮನುಷ್ಯರ ದಾರ. ನೈಲಾನ್ ಮತ್ತು ಗಾಜು ಪುಡಿಯ ಮಾಂಜಾವನ್ನು ರಾಷ್ಟ್ರೀಯ ಹಸಿರು ನ್ಯಾಯಮಂಡಳಿ 2017ರಲ್ಲೇ ನಿಷೇಧಿಸಿದೆ, ಮಾರಾಟ ಮಾತ್ರ ನಿಂತಿಲ್ಲ. ದಾರವನ್ನು ಎಳೆಯಬೇಡಿ. ಹಕ್ಕಿಯ ಎರಡೂ ಬದಿ ಕತ್ತರಿಸಿ, ಮೈಗೆ ಸುತ್ತಿಕೊಂಡಿದ್ದನ್ನು ಹಾಗೇ ಬಿಟ್ಟು ವೈದ್ಯರ ಹತ್ತಿರ ಒಯ್ಯಿರಿ. ಕಿಟಕಿಯ ಗಾಜಿಗೆ ಬಡಿದು ಬಿದ್ದ ಹಕ್ಕಿಯನ್ನು ಕಾಗೆ ಎಳೆಯುತ್ತಿದ್ದರೂ ಅಷ್ಟೇ, ಎತ್ತಿಕೊಳ್ಳಿ.

ಮರಿಯೊಂದು ನೆಲದಲ್ಲಿ ಕುಪ್ಪಳಿಸುತ್ತಿದೆ. ಯಾವುದಾದರೂ ತಿಂದುಬಿಡುತ್ತದೆ ಎಂಬ ಭಯ. ಮನೆಗೆ ತರಲೇ?

ಮೊದಲು ಪುಕ್ಕ ನೋಡಿ. ಮೈ ತುಂಬ ಪುಕ್ಕ ಇದೆ, ಬಾಲ ಮೋಟಾಗಿದೆ, ಹಾರಲು ಹೋಗಿ ಬೀಳುತ್ತಿದೆ ಎಂದರೆ ಅದು ಹಾರಲು ಕಲಿಯುವ ಮರಿ. ಗೂಡು ಬಿಟ್ಟ ಮೇಲೆ ಕೆಲವು ದಿನ ಹೀಗೇ ಇರುತ್ತದೆ. ಅಪ್ಪ ಅಮ್ಮ ಹತ್ತಿರದಲ್ಲೇ ಇದ್ದು ತುತ್ತು ಕೊಡುತ್ತಿರುತ್ತವೆ, ನೀವು ನಿಂತಿದ್ದೀರಿ ಎಂದು ಬರುತ್ತಿಲ್ಲ ಅಷ್ಟೇ. ಬೆಕ್ಕಿದ್ದರೆ ಬೆಕ್ಕನ್ನು ಒಳಗೆ ಹಾಕಿ. ಮರಿ ರಸ್ತೆಯಲ್ಲಿದ್ದರೆ ಹತ್ತಿರದ ಪೊದೆಯೊಳಗೆ ಬಿಡಿ.

ಪುಕ್ಕ ಬಂದಿಲ್ಲ, ಕಣ್ಣೂ ಸರಿಯಾಗಿ ತೆರೆದಿಲ್ಲ ಎಂದರೆ ಗೂಡಿನಿಂದ ಬಿದ್ದ ಮರಿ. ಗೂಡು ಕೈಗೆಟುಕಿದರೆ ಎತ್ತಿ ಅದರಲ್ಲೇ ಇಡಿ. ಮನುಷ್ಯರ ಕೈ ತಾಗಿದರೆ ತಾಯಿ ಸೇರಿಸುವುದಿಲ್ಲ ಎನ್ನುವುದು ಸುಳ್ಳು. ಇಷ್ಟು ದಿನ ಕಷ್ಟಪಟ್ಟು ಸಾಕಿದ ಮರಿಯನ್ನು ಹಕ್ಕಿ ಅಷ್ಟಕ್ಕೆಲ್ಲ ಬಿಟ್ಟುಹೋಗುವುದಿಲ್ಲ.

ಇಲ್ಲಿ ಒಂದು ವಿಚಿತ್ರವೂ ಎದುರಾಗಬಹುದು. ಕಾಗೆಗಳು ಅಟ್ಟಿಸಿಕೊಂಡು ಬಂದ ಮರಿ ಕೋಗಿಲೆಯದಾಗಿರಬಹುದು. ಕಾಗೆ ಗೂಡಿನಲ್ಲಿ ಕಾಗೆಯೇ ಸಾಕಿ ದೊಡ್ಡದು ಮಾಡಿದ್ದು. ಹೊರಗೆ ಬಂದ ಮೇಲೆ ಬೇರೆ ಕಾಗೆಗಳು ಅದನ್ನು ಸಹಿಸುವುದಿಲ್ಲ. ದಟ್ಟ ಎಲೆಯ ಕೊಂಬೆಯ ಮೇಲೆ ಕೂರಿಸಿ ಬನ್ನಿ, ಸಾಕು.

ಅಳಿವಿನ ಅಂಚಿನ ಹಕ್ಕಿಯಾದರೂ ಸುಮ್ಮನಿರಬೇಕಾ?

ಇಲ್ಲ. ಆದರೆ ಅದು ದಾರಿಹೋಕರ ಕೆಲಸವೂ ಅಲ್ಲ.

ಗ್ರೇಟ್ ಇಂಡಿಯನ್ ಬಸ್ಟರ್ಡ್ ಈಗ 150ಕ್ಕಿಂತ ಕಡಿಮೆ ಉಳಿದಿವೆ. ನಮ್ಮಲ್ಲಿ ಬಳ್ಳಾರಿ ಜಿಲ್ಲೆಯ ಸಿರುಗುಪ್ಪದ ಬಯಲಲ್ಲಿ ಬೆರಳೆಣಿಕೆಯಷ್ಟು. ನೆಲದ ಮೇಲೆ, ಸಾಮಾನ್ಯವಾಗಿ ಒಂದೇ ಮೊಟ್ಟೆ ಇಡುವ ಹಕ್ಕಿ ಇದು. ನರಿ, ಉಡ ಮೊದಲಿನಿಂದಲೂ ಆ ಮೊಟ್ಟೆ ತಿನ್ನುತ್ತಿದ್ದವು. ಆಗ ಹಕ್ಕಿ ಸಾವಿರಗಟ್ಟಲೆ ಇತ್ತು, ತಡೆದುಕೊಂಡಿತು. ಈಗ ಹುಲ್ಲುಗಾವಲು ಹೋಯಿತು, ವಿದ್ಯುತ್ ತಂತಿಗಳು ಬಂದವು, ಬೀದಿನಾಯಿಗಳು ಸೇರಿಕೊಂಡವು. ಇಂಥ ಸ್ಥಿತಿಯಲ್ಲಿ ಒಂದು ಮೊಟ್ಟೆ ಹೋದರೂ ಭರಿಸಲಾಗದ ನಷ್ಟ. ಅದಕ್ಕೇ 2019ರಿಂದ ರಾಜಸ್ಥಾನದ ಜೈಸಲ್ಮೇರ್‌ನಲ್ಲಿ ಅರಣ್ಯ ಇಲಾಖೆ ಮತ್ತು ಭಾರತೀಯ ವನ್ಯಜೀವಿ ಸಂಸ್ಥೆಯವರು ಬಯಲಿನ ಮೊಟ್ಟೆಗಳನ್ನೇ ತಂದು ಯಂತ್ರದಲ್ಲಿ ಮರಿ ಮಾಡಿಸುತ್ತಿದ್ದಾರೆ. ನರಿಯ ಬಾಯಿಂದ ತಪ್ಪಿಸುವುದು ಅಲ್ಲಿ ಸರಿಯೇ. ನರಿಯ ತಪ್ಪಿಗಾಗಿ ಅಲ್ಲ, ನಾವು ಲೆಕ್ಕವನ್ನು ಅಷ್ಟು ಕೆಡಿಸಿದ್ದರಿಂದ.

ಮಂಡ್ಯ ಜಿಲ್ಲೆ ಮದ್ದೂರು ತಾಲ್ಲೂಕಿನ ಕೊಕ್ಕರೆ ಬೆಳ್ಳೂರಿನದು ಇನ್ನೊಂದು ಬಗೆ. ಅಲ್ಲಿ ಹೆಜ್ಜಾರ್ಲೆ ಮತ್ತು ಬಣ್ಣದ ಕೊಕ್ಕರೆ ಊರೊಳಗಿನ ಹುಣಸೆ ಮರಗಳಲ್ಲೇ ಗೂಡು ಕಟ್ಟುತ್ತವೆ. ಮರಿ ಬಿದ್ದರೆ ಬೀಳುವುದು ಮನೆಯಂಗಳಕ್ಕೆ, ನಾಯಿ ಬೆಕ್ಕುಗಳ ನಡುವೆ. ಊರಿನವರೇ ಹೆಜ್ಜಾರ್ಲೆ ಬಳಗ ಎಂದು ಕಟ್ಟಿಕೊಂಡು ಬಿದ್ದ ಮರಿಗಳನ್ನು ಬೇಲಿಯೊಳಗೆ ಮೀನು ಹಾಕಿ ಸಾಕಿ, ಹಾರುವಂತಾದ ಮೇಲೆ ಬಿಡುತ್ತಾ ಬಂದಿದ್ದಾರೆ. ಹಕ್ಕಿಯನ್ನು ಊರಿನ ಹೆಣ್ಣುಮಗಳು ಬಾಣಂತನಕ್ಕೆ ಬಂದಂತೆ ಕಾಣುವ ಜನ ಅವರು. ಅವರಿಗೆ ಈ ಪ್ರಶ್ನಾವಳಿಯ ಅಗತ್ಯವೇ ಇಲ್ಲ.

ರಂಗನತಿಟ್ಟಿನಲ್ಲಿ ದೋಣಿಯಲ್ಲಿ ಹೋಗುವಾಗ ನೀರಿಗೆ ಬಿದ್ದ ಮರಿಯನ್ನು ಮೊಸಳೆ ಎಳೆದುಕೊಂಡು ಹೋಯಿತು. ಅಂಬಿಗರು ಯಾಕೆ ಏನೂ ಮಾಡಲಿಲ್ಲ?

ಮಾಡಬಾರದು ಎಂದು ಅವರಿಗೆ ಗೊತ್ತು. ನೀರು ಸುತ್ತುವರಿದಿರುವುದರಿಂದಲೇ ಕೊಕ್ಕರೆಗಳು ಆ ತಿಟ್ಟುಗಳನ್ನು ಆರಿಸಿಕೊಂಡಿವೆ. ನೆಲದ ಮೇಲಿನ ಬೇಟೆಗಾರರು ಅಲ್ಲಿಗೆ ಬರುವುದು ಕಷ್ಟ. ಅಮೆರಿಕದ ಫ್ಲಾರಿಡಾದ ಜೌಗು ನಾಡಿನಲ್ಲಿ ಬಕ, ಕೊಕ್ಕರೆಗಳು ಬೇಕೆಂದೇ ಮೊಸಳೆಯ ಜಾತಿಯ ಅಲಿಗೇಟರ್ ಇರುವ ನೀರಿನ ಮೇಲೆ ಗೂಡು ಕಟ್ಟುವುದನ್ನು ಸಂಶೋಧಕರು ಗಮನಿಸಿದ್ದಾರೆ. ಮರ ಹತ್ತಿ ಮೊಟ್ಟೆ ಕದಿಯುವ ರಕೂನ್‌ಗಳು ಆ ಭಯಕ್ಕೆ ಬರುವುದಿಲ್ಲ. ಆಗಾಗ ಬೀಳುವ ಮರಿ ಕಾವಲುಗಾರನ ಪಾಲು.

ನಮ್ಮ ಕೋಳಿಮರಿಯನ್ನು ಹದ್ದು ಹೊತ್ತೊಯ್ಯುತ್ತದೆ. ಅದಕ್ಕೂ ಸುಮ್ಮನಿರಬೇಕಾ?

ಖಂಡಿತ ಬೇಡ. ಕೋಳಿ ನಿಮ್ಮದು, ಕಾಯುವ ಹೊಣೆ ನಿಮ್ಮದು. ಕೂಗಿ ಓಡಿಸಿ. ಮರಿ ಸಣ್ಣದಿರುವಾಗ ಮಂಕರಿ ಕವುಚಿ ಇಡಿ, ಅಂಗಳದ ಮೇಲೆ ಬಲೆ ಕಟ್ಟಿ. ವಿಷ ಇಡುವುದು, ಬಲೆ ಹಾಕಿ ಹದ್ದು ಹಿಡಿಯುವುದು ಮಾತ್ರ ಅಪರಾಧ.

ಕಾನೂನು ಏನು ಹೇಳುತ್ತದೆ?

1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಲ್ಲಿ ಬೇಟೆ ಎನ್ನುವುದಕ್ಕೆ ಅರ್ಥ ತುಂಬ ವಿಸ್ತಾರವಾಗಿದೆ. ಕೊಲ್ಲುವುದಷ್ಟೇ ಅಲ್ಲ, ಹಿಡಿಯುವುದು, ಕಾಡುಹಕ್ಕಿಯ ಮೊಟ್ಟೆ ಅಥವಾ ಗೂಡಿಗೆ ತೊಂದರೆ ಕೊಡುವುದೂ ಅದರಲ್ಲಿ ಸೇರುತ್ತದೆ. ಹಾವನ್ನು ಹೊಡೆದು ಹಕ್ಕಿ ಉಳಿಸಿದೆ ಎಂದು ಹೇಳಿಕೊಂಡರೆ ಕಾನೂನಿನ ಕಣ್ಣಿಗೆ ನೀವೇ ಬೇಟೆಗಾರರು. ಕಾಪಾಡಿದ ಹಕ್ಕಿಯನ್ನು ಪಂಜರದಲ್ಲಿ ಇಟ್ಟುಕೊಂಡು ಸಾಕುವುದೂ ಸಲ್ಲದು, ಅದು ಗಿಳಿಯಾಗಿದ್ದರೂ, ನಿಮ್ಮನ್ನು ಎಷ್ಟೇ ಹಚ್ಚಿಕೊಂಡಿದ್ದರೂ.

ಶಿಬಿ ಚಕ್ರವರ್ತಿ ಗಿಡುಗದಿಂದ ಪಾರಿವಾಳವನ್ನು ಕಾಪಾಡಲಿಲ್ಲವೇ?

ಕಾಪಾಡಿದ. ಆದರೆ ಕಥೆಯ ಅರ್ಧವನ್ನು ಮಾತ್ರ ನೆನಪಿಟ್ಟುಕೊಳ್ಳುವವರು ಜಾಸ್ತಿ. ಅದರಲ್ಲಿ ಗಿಡುಗವೂ ಮಾತಾಡುತ್ತದೆ. ಇದು ನನ್ನ ಆಹಾರ, ಇದನ್ನು ಕಿತ್ತುಕೊಂಡರೆ ನಾನೂ ನನ್ನ ಸಂಸಾರವೂ ಸಾಯುತ್ತೇವೆ, ಒಂದನ್ನು ಉಳಿಸಿ ಹಲವರನ್ನು ಕೊಲ್ಲುವುದು ಯಾವ ಧರ್ಮ ಎಂದು ಕೇಳುತ್ತದೆ. ಶಿಬಿ ಆ ಮಾತನ್ನು ತಳ್ಳಿಹಾಕುವುದಿಲ್ಲ. ತಕ್ಕಡಿ ತರಿಸಿ ತನ್ನ ತೊಡೆಯ ಮಾಂಸವನ್ನೇ ಕೊಯ್ದು ಇಡುತ್ತಾನೆ. ತಾರಸಿಯಲ್ಲಿ ಚಪ್ಪಾಳೆ ತಟ್ಟುವ ನಾವು ಗಿಡುಗಕ್ಕೆ ಏನೂ ಕೊಡುವುದಿಲ್ಲ. (ಹಾಗಂತ ಚಿಕನ್ ತುಂಡು ಎಸೆಯಲು ಹೋಗಬೇಡಿ. ಈಗಾಗಲೇ ಹದ್ದುಗಳಿಗೆ ಮಾಂಸ ಎಸೆದು ಎಸೆದು ಅಭ್ಯಾಸ ಮಾಡಿಸಿರುವುದು ಸಾಕು.)

ಸಿದ್ಧಾರ್ಥ ಮತ್ತು ಹಂಸದ ಕಥೆಯನ್ನೂ ಹೇಳುತ್ತಾರೆ. ಅಲ್ಲಿ ಹಂಸವನ್ನು ಕೆಡವಿದ್ದು ದೇವದತ್ತನ ಬಾಣ. ಅದು ಇಂದಿನ ಮಾಂಜಾ ದಾರದ ಸಾಲಿಗೆ ಸೇರುತ್ತದೆ.

ಮಗು ನೋಡಿ ಅಳುತ್ತಿದೆ. ಏನು ಹೇಳಲಿ?

ನಿಜ ಹೇಳಿ. ಮರಿ ದೇವರ ಹತ್ತಿರ ಹೋಯಿತು, ಹಾವು ಕೆಟ್ಟದ್ದು ಎಂದೆಲ್ಲ ಹೇಳಬೇಡಿ. ಹಾವಿಗೂ ಹಸಿವು, ಅದು ತಿಂದಿತು. ಬುಲ್‌ಬುಲ್ ಕೂಡ ಅದರ ಮರಿಗಳಿಗೆ ದಿನವೆಲ್ಲ ಹುಳ ಹಿಡಿದು ತರುತ್ತಿತ್ತು, ನೆನಪಿದೆಯಾ ಎಂದು ಕೇಳಿ. ಹುಳದ ಮಾತು ಬಂದ ತಕ್ಷಣ ಮಕ್ಕಳು ಯೋಚಿಸಲು ಶುರು ಮಾಡುತ್ತಾರೆ. ಆಮೇಲೆ ಬರುವ ಪ್ರಶ್ನೆಗಳಿಗೆ ನೀವು ತಯಾರಾಗಿರಬೇಕು. ಅಳುವುದನ್ನು ನಿಲ್ಲಿಸಲೇಬೇಕು ಎಂದೇನಿಲ್ಲ.

ಬೇಟೆಗಾರರು ಬರುವ ಮೊದಲೇ ಗೂಡಿಗೆ ಏನಾದರೂ ರಕ್ಷಣೆ ಮಾಡಬಹುದಾ?

ಮಾಡದೇ ಇರುವುದೇ ದೊಡ್ಡ ರಕ್ಷಣೆ. ದಿನಕ್ಕೆ ನಾಲ್ಕು ಸಲ ಹೋಗಿ ಇಣುಕುವುದು, ಚೆನ್ನಾಗಿ ಕಾಣಲಿ ಎಂದು ಸುತ್ತಲಿನ ಎಲೆ ಸವರುವುದು, ಫೋಟೋಗಾಗಿ ಕೊಂಬೆ ಬಗ್ಗಿಸುವುದು. ಇವೆಲ್ಲ ಕಾಗೆಗೆ ಗೂಡಿನ ವಿಳಾಸ ಕೊಟ್ಟಂತೆ. ಎಲೆ ಹೋದರೆ ಬಿಸಿಲಿಗೂ ಮರಿ ಸಾಯುತ್ತದೆ. ಗೂಡನ್ನು ಇನ್ನೂ ಸುರಕ್ಷಿತ ಎಂದು ನಿಮಗೆ ಅನಿಸಿದ ಜಾಗಕ್ಕೆ ಸರಿಸಲೂಬೇಡಿ. ಹಲವು ಹಕ್ಕಿಗಳು ಆಗ ಗೂಡನ್ನೇ ಬಿಟ್ಟುಬಿಡುತ್ತವೆ. ಬೆಕ್ಕನ್ನು ಮನೆಯೊಳಗೆ ಇಡಿ, ತಾರಸಿಯಲ್ಲಿ ಅನ್ನ ಚೆಲ್ಲಬೇಡಿ, ಗೂಡಿನ ಕಾಲ ಮುಗಿಯುವವರೆಗೆ ಬೇಲಿ ಗಿಡ ಕತ್ತರಿಸಬೇಡಿ. ಹಕ್ಕಿಗಳೂ ತಮ್ಮ ಏರ್ಪಾಡು ಮಾಡಿಕೊಳ್ಳುತ್ತವೆ. ಕಾಜಾಣ ಇರುವ ಮರದಲ್ಲೇ ಬೇರೆ ಸಣ್ಣ ಹಕ್ಕಿಗಳು ಗೂಡು ಕಟ್ಟುವುದನ್ನು ಗಮನಿಸಿ. ಕಾಗೆ, ಹದ್ದನ್ನು ಓಡಿಸುವುದರಲ್ಲಿ ಕಾಜಾಣನಿಗೆ ಸಾಟಿ ಇಲ್ಲ.

ಹಕ್ಕಿಯನ್ನು ಎತ್ತಿಕೊಂಡಾಯಿತು. ಈಗ?

ರಟ್ಟಿನ ಡಬ್ಬಿ, ಅದಕ್ಕೆ ನಾಲ್ಕಾರು ತೂತು, ಒಳಗೆ ಹಳೆಯ ಹತ್ತಿ ಬಟ್ಟೆ. ಹಕ್ಕಿಯನ್ನು ಇಟ್ಟು ಮುಚ್ಚಿ ಕತ್ತಲಾದ, ಬೆಚ್ಚಗಿನ, ಸದ್ದಿಲ್ಲದ ಜಾಗದಲ್ಲಿ ಇಡಿ. ಬಾಯಿಗೆ ನೀರು ಬಿಡಬೇಡಿ. ಹಕ್ಕಿಯ ಶ್ವಾಸನಾಳದ ಬಾಯಿ ನಾಲಿಗೆಯ ಬುಡದಲ್ಲೇ ಇರುತ್ತದೆ, ಹನಿ ನೀರು ಅಲ್ಲಿಗೆ ಹೋದರೂ ಅಪಾಯ. ಹಾಲು, ಅನ್ನ, ಬ್ರೆಡ್ ಯಾವುದೂ ಬೇಡ. ಪದೇ ಪದೇ ತೆರೆದು ನೋಡಬೇಡಿ. ನಿಮ್ಮ ಮುಖವೇ ಅದಕ್ಕೆ ದೊಡ್ಡ ಭಯ.

ಕರ್ನಾಟಕದಲ್ಲಿ ಅರಣ್ಯ ಇಲಾಖೆಯ ಸಹಾಯವಾಣಿ 1926. ಬೆಂಗಳೂರಿನವರಿಗೆ ಕೆಂಗೇರಿ ಕಡೆ ಪೀಪಲ್ ಫಾರ್ ಅನಿಮಲ್ಸ್ ಸಂಸ್ಥೆಯ ವನ್ಯಜೀವಿ ಆಸ್ಪತ್ರೆ ಇದೆ, ಏವಿಯನ್ ಅಂಡ್ ರೆಪ್ಟೈಲ್ ರಿಹ್ಯಾಬಿಲಿಟೇಶನ್ ಸೆಂಟರ್ ಇದೆ. ಬೇರೆ ಊರಿನಲ್ಲಿ ತಾಲ್ಲೂಕಿನ ಪಶು ಆಸ್ಪತ್ರೆ ಅಥವಾ ವಲಯ ಅರಣ್ಯ ಕಚೇರಿ. ಬೆಕ್ಕು ಹಿಡಿದಿತ್ತೋ, ಗಾಜಿಗೆ ಬಡಿದಿತ್ತೋ, ಎಲ್ಲಿ ಸಿಕ್ಕಿತು, ಎಷ್ಟು ಹೊತ್ತಿಗೆ ಎಂದು ಸರಿಯಾಗಿ ಹೇಳಿ. ಚಿಕಿತ್ಸೆ ಅದರ ಮೇಲೆ ನಿಂತಿರುತ್ತದೆ, ಬಿಡುವಾಗಲೂ ಸಿಕ್ಕ ಜಾಗದ ಹತ್ತಿರವೇ ಬಿಡಬೇಕಾಗುತ್ತದೆ.

ಗಿಡುಗದಿಂದ ಆಗಲೇ ಬಿಡಿಸಿಬಿಟ್ಟೆ. ವಾಪಸ್ ಅಲ್ಲೇ ಇಡಲೇ?

ಹಕ್ಕಿ ಸತ್ತಿದ್ದರೆ ಇಟ್ಟು ದೂರ ಹೋಗಿ. ಗಿಡುಗ ಹತ್ತಿರದಲ್ಲೇ ಇದ್ದರೆ ಮರಳಿ ಬರಬಹುದು. ಜೀವ ಇದ್ದರೆ ಮೇಲೆ ಹೇಳಿದ ಡಬ್ಬಿ, ವೈದ್ಯರು. ಒಮ್ಮೆ ಕೈಗೆ ತೆಗೆದುಕೊಂಡ ಮೇಲೆ ಅರ್ಧಕ್ಕೆ ಬಿಡುವಂತಿಲ್ಲ.

ಹಾವು ಮರಿಗಳನ್ನೆಲ್ಲ ತಿಂದು ಹೋಯಿತು. ಖಾಲಿ ಗೂಡನ್ನು ತೆಗೆಯಬಹುದಾ?

ಒಂದೆರಡು ವಾರ ಹಾಗೇ ಬಿಡಿ. ಒಂದು ಮೊಟ್ಟೆಯೋ ಮರಿಯೋ ಉಳಿದಿದ್ದರೆ ತಾಯಿ ಮತ್ತೆ ಬರುತ್ತದೆ. ಯಾವ ಓಡಾಟವೂ ಇಲ್ಲ ಎಂದು ಖಾತ್ರಿಯಾದ ಮೇಲೆ ತೆಗೆಯಬಹುದು. ಬುಲ್‌ಬುಲ್ ಸಾಮಾನ್ಯವಾಗಿ ಹಳೆ ಗೂಡಿಗೆ ಬರುವುದಿಲ್ಲ, ಅಲ್ಲೇ ಹತ್ತಿರ ಹೊಸದು ಕಟ್ಟುತ್ತದೆ. ಸೂರಕ್ಕಿ ಕೆಲವೊಮ್ಮೆ ಹಳೆಯದನ್ನೇ ರಿಪೇರಿ ಮಾಡಿಕೊಳ್ಳುವುದುಂಟು. ಹಾಗಾಗಿ ಅದರ ಗೂಡನ್ನು ಮಳೆಗಾಲ ಮುಗಿಯುವವರೆಗೆ ಮುಟ್ಟದಿರುವುದೇ ಒಳ್ಳೆಯದು. ತೆಗೆಯುವಾಗ ಕೈಗೆ ಗ್ಲೌಸ್ ಹಾಕಿಕೊಳ್ಳಿ, ಹಳೆ ಗೂಡಿನಲ್ಲಿ ಉಣ್ಣೆ, ಹೇನು ಇರುತ್ತವೆ.